ವರ್ಡ್ ಮ್ಯಾಕ್ರೋ ಕಲಿಸುವ ಹಳೆಯ ಪುಸ್ತಕ: ಕನ್ನಡದ ಡಿಟಿಪಿ ಕೆಲಸಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ?

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮ್ಯಾಕ್ರೋ (ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನಾಗಿ ಮಾಡಿಸುವ ಆದೇಶಗಳ ಸರಣಿ) ಬರೆಯುವುದನ್ನು ಕಲಿಸುವ, 1990ರ ದಶಕದ ಕೊನೆಗೆ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಹಳೆಯ ಪುಸ್ತಕ ಮಾರುವವರಲ್ಲಿ ಕೊಂಡದ್ದು. ಆ ಕಾಲದಲ್ಲಿ ಈ ವಿಷಯದ ಮೇಲೆ ಬಂದ ಪುಸ್ತಕಗಳ ಸ್ವರೂಪ ಹೆಚ್ಚುಕಡಿಮೆ ಒಂದೇ ಆಗಿದ್ದು, ಇಲ್ಲಿ ಹೇಳುವ ಮಾತು ಅವುಗಳಲ್ಲಿ ಯಾವುದಕ್ಕಾದರೂ ಸಲ್ಲುತ್ತದೆ. ಆದ್ದರಿಂದ ಶೀರ್ಷಿಕೆಯನ್ನು ಹೆಸರಿಸಿಲ್ಲ. ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಕೇಂದ್ರವಿದೆ. ಮುದ್ರಣಕ್ಕೆ ಹೆಸರಾದ ಊರಾದ್ದರಿಂದ ಪರೀಕ್ಷಾ ಗೈಡು, ಅಭಿನಂದನ ಗ್ರಂಥ, ಪಿಎಚ್.ಡಿ. ಮಹಾಪ್ರಬಂಧ, ಸಂಘ-ಸಂಸ್ಥೆಗಳ ವಾರ್ಷಿಕ ವರದಿ ಎಲ್ಲವೂ ಬರುತ್ತವೆ. ಪುಟವಿನ್ಯಾಸ ಬೇರೆ ತಂತ್ರಾಂಶದಲ್ಲಿ ನಡೆದರೂ, ಲೇಖಕರು ಕಳಿಸಿದ ವರ್ಡ್ ಕಡತವನ್ನು ಅದಕ್ಕೂ ಮೊದಲು ಹಸನು ಮಾಡುವ ಕೆಲಸವಿರುತ್ತದೆ. ಮ್ಯಾಕ್ರೋ ಬೇಕಾಗುವುದು ಅಲ್ಲಿ.

ಇಷ್ಟು ಹಳೆಯ ಕಂಪ್ಯೂಟರ್ ಪುಸ್ತಕ ರದ್ದಿಗೆ ಹೋಗಬೇಕಾದದ್ದಲ್ಲವೇ ಎಂದು ಕೇಳಬಹುದು. ವರ್ಡ್ ಮಟ್ಟಿಗೆ ಹಾಗಾಗಿಲ್ಲ. ವರ್ಡ್ 97ರಲ್ಲಿ ಹಳೆಯ ವರ್ಡ್‌ಬೇಸಿಕ್‌ ಜಾಗಕ್ಕೆ ವಿಬಿಎ (ವಿಷುಯಲ್ ಬೇಸಿಕ್ ಫಾರ್ ಅಪ್ಲಿಕೇಶನ್ಸ್) ಬಂದಿತು; ಎರಡೂ ಮ್ಯಾಕ್ರೋ ಬರೆಯುವ ಭಾಷೆಗಳು. ಡೆಸ್ಕ್‌ಟಾಪ್ ವರ್ಡ್‌ನಲ್ಲಿ ಇಂದಿಗೂ ಇರುವುದು ಅದೇ ವಿಬಿಎ. ಆಲ್ಟ್ ಮತ್ತು ಎಫ್11 ಕೀಲಿಗಳನ್ನು ಒತ್ತಿದರೆ ತೆರೆಯುವ ಸಂಪಾದಕದ ಕಿಟಕಿ ಕೂಡ ಪುಸ್ತಕದ ಚಿತ್ರಗಳಲ್ಲಿ ಇರುವಂತೆಯೇ ಇದೆ. ಎಫ್8 ಒತ್ತುತ್ತ ಒಂದೊಂದೇ ಸಾಲು ನಡೆಸಿ ನೋಡುವುದು, ಇಮಿಡಿಯೆಟ್ ವಿಂಡೋ ಎಂಬ ಪುಟ್ಟ ಕಿಟಕಿಯಲ್ಲಿ ವೇರಿಯೆಬಲ್ಲುಗಳ (ಮ್ಯಾಕ್ರೋ ತನ್ನ ಮೌಲ್ಯಗಳನ್ನು ಇಟ್ಟುಕೊಳ್ಳುವ ಹೆಸರುಗಳ) ಮೌಲ್ಯವನ್ನು ಬರೆಯಿಸಿ ಪರೀಕ್ಷಿಸುವುದು, ಪ್ರತಿ ಮಾಡ್ಯೂಲಿನ (ಮ್ಯಾಕ್ರೋ ಬರೆಯುವ ಹಾಳೆಯ) ತಲೆಯಲ್ಲಿ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಬರೆದು ವೇರಿಯೆಬಲ್ ಹೆಸರಿನ ಕಾಗುಣಿತದ ತಪ್ಪುಗಳನ್ನು ಮೊದಲೇ ಹಿಡಿಯುವುದು, ಈ ಅಭ್ಯಾಸಗಳೆಲ್ಲ ಪುಸ್ತಕದಿಂದಲೇ ಬಂದವು, ಒಂದೂ ಹಳತಾಗಿಲ್ಲ.

ಪುಸ್ತಕದ ನಿಜವಾದ ಬಲ ಸೆಲೆಕ್ಷನ್ ಮತ್ತು ರೇಂಜ್ ಎಂಬ ಎರಡರ ವ್ಯತ್ಯಾಸವನ್ನು ಬಿಡಿಸುವ ಅಧ್ಯಾಯದಲ್ಲಿದೆ. ಮ್ಯಾಕ್ರೋ ರೆಕಾರ್ಡರ್ ಒತ್ತಿ ನಾವು ಮಾಡುವ ಕೆಲಸವನ್ನು ದಾಖಲಿಸಿಕೊಂಡರೆ, ಅದು ಎಲ್ಲವನ್ನೂ ಸೆಲೆಕ್ಷನ್ ಮೂಲಕ, ಅಂದರೆ ಕರ್ಸರ್ ಇರುವಲ್ಲಿಂದ ಹಿಡಿದು ಬರೆದುಕೊಳ್ಳುತ್ತದೆ. ಸಣ್ಣ ಪತ್ರಕ್ಕೆ ಅದು ಸಾಕು. ಮುನ್ನೂರು ಪುಟದ ಮಹಾಪ್ರಬಂಧದ ಮೇಲೆ ಅದನ್ನೇ ಓಡಿಸಿದರೆ ಪರದೆ ಮಿಣಮಿಣ ಕುಣಿಯುತ್ತ ಕೆಲಸ ಕುಂಟುತ್ತದೆ. ರೇಂಜ್ ಹಾಗಲ್ಲ, ಕರ್ಸರನ್ನು ಕದಲಿಸದೆ ಕಡತದ ಯಾವ ಭಾಗವನ್ನಾದರೂ ಹಿಡಿದು ತಿದ್ದುತ್ತದೆ. ಈ ಅಧ್ಯಾಯವನ್ನು ಓದಿದ ಮೇಲೆ ರೆಕಾರ್ಡರ್ ಅನ್ನು ನಾನು ಬಳಸುವುದು ಯಾವುದಾದರೊಂದು ಆದೇಶದ ಹೆಸರು ನೆನಪಾಗದಿದ್ದಾಗ ಮಾತ್ರ. ಪ್ಯಾರಾಗಳನ್ನು ಅಳಿಸುವಾಗ ಮೊದಲಿನಿಂದ ಎಣಿಸದೆ ಕೊನೆಯಿಂದ ಹಿಂದಕ್ಕೆ ಎಣಿಸಬೇಕು, ಇಲ್ಲವಾದರೆ ಒಂದನ್ನು ಅಳಿಸಿದ ಕೂಡಲೇ ಮುಂದಿನದರ ಕ್ರಮಸಂಖ್ಯೆ ಬದಲಾಗಿ ಅದು ಕೈತಪ್ಪುತ್ತದೆ ಎಂಬಂಥ ಸಣ್ಣ ಸೂಕ್ಷ್ಮಗಳನ್ನೂ ಇಲ್ಲಿ ಕಾರಣಸಹಿತ ಹೇಳಲಾಗಿದೆ.

ಮಹಾಪ್ರಬಂಧದ ಕೆಲಸ ಮಾಡುವವರಿಗೆ ಇನ್ನೊಂದು ವಿಷಯ ಮುಖ್ಯ. ವರ್ಡ್ ತನ್ನ ಕಡತವನ್ನು ‘ಸ್ಟೋರಿ’ ಎಂಬ ಭಾಗಗಳಾಗಿ ಇಟ್ಟುಕೊಂಡಿರುತ್ತದೆ: ಮೂಲಪಠ್ಯ ಒಂದು ಸ್ಟೋರಿ, ಅಡಿಟಿಪ್ಪಣಿಗಳು ಇನ್ನೊಂದು, ಹೆಡರ್, ಫೂಟರ್ ಮತ್ತೆ ಬೇರೆ ಬೇರೆ. ಡಾಕ್ಯುಮೆಂಟಿನ ‘ಕಂಟೆಂಟ್’ ಮೇಲೆ ಓಡಿಸಿದ ಹುಡುಕಾಟ ಮೂಲಪಠ್ಯಕ್ಕೆ ಮಾತ್ರ ನಿಂತುಬಿಡುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ವಚನ ಸಾಹಿತ್ಯದ ಪ್ರಬಂಧವೊಂದನ್ನು ಊಹಿಸಿಕೊಳ್ಳಿ. ಅಂಥದರಲ್ಲಿ ಅರ್ಧ ವಿದ್ವತ್ತು ಅಡಿಟಿಪ್ಪಣಿಯಲ್ಲೇ ಇರುತ್ತದೆ. ಸ್ಟೋರಿಗಳನ್ನು ಒಂದೊಂದಾಗಿ ಸುತ್ತಿ ಬರುವ ಲೂಪ್ ಬರೆಯದಿದ್ದರೆ ಅದೆಲ್ಲ ತಿದ್ದುಪಡಿಯಿಲ್ಲದೆ ಅಚ್ಚಿಗೆ ಹೋಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವಷ್ಟೇ ಮೀಸಲಾಗಿದೆ. ನನ್ನ ಲೆಕ್ಕದಲ್ಲಿ ಅದು ಒಂದು ಅಧ್ಯಾಯಕ್ಕೆ ಅರ್ಹವಾದ ಸಂಗತಿ.

ಇನ್ನು ಕನ್ನಡದ ಮಾತು. ಇಲ್ಲಿ ಪುಸ್ತಕ ಪೂರ್ತಿ ಮೌನ. ಓದುಗನು ಇಂಗ್ಲಿಷಿನಲ್ಲೇ ಬರೆಯುತ್ತಾನೆ ಎಂಬುದು ಅದರ ಹೇಳದ ನಂಬಿಕೆ, ಮತ್ತು ಕಲಿಯುವವನಿಗೆ ಮೊದಲ ದಿನವೇ ಅಡ್ಡ ಬರುವುದು ಅದೇ. ವಿಬಿಎ ಸಂಪಾದಕದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಕನ್ನಡ ಪದವೊಂದನ್ನು ಅಂಟಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಆ ಸಂಪಾದಕ ಯೂನಿಕೋಡ್ (ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ವ್ಯವಸ್ಥೆ) ಅರಿಯದ, ಒಂದು ಭಾಷಾಗುಂಪಿನ ಅಕ್ಷರಗಳಿಗಷ್ಟೇ ಸಂಖ್ಯೆ ಕೊಡುವ ಹಳೆಯ ಕೋಡ್ ಪೇಜ್ ಪದ್ಧತಿಯಲ್ಲಿ ನಡೆಯುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಕೋಡ್ ಪೇಜ್ ಇಲ್ಲವೇ ಇಲ್ಲ. ಆದರೆ ಮ್ಯಾಕ್ರೋ ಓಡುವಾಗ ಅದರ ಸ್ಮೃತಿಯಲ್ಲಿ ಇರುವ ಪಠ್ಯ ಯೂನಿಕೋಡ್‌ನದೇ ಆಗಿರುತ್ತದೆ. ಕುರುಡು ಇರುವುದು ಬರೆಯುವ ಕಿಟಕಿಗೆ, ಓಡುವ ಯಂತ್ರಕ್ಕಲ್ಲ. ಇದೊಂದು ತಿಳಿದರೆ ಉಳಿದ ದಾರಿಗಳು ತಾವಾಗಿ ತೆರೆಯುತ್ತವೆ.

ಒಂದು ದಾರಿ, ಅಕ್ಷರವನ್ನು ಅದರ ಸಂಖ್ಯೆಯಿಂದ ಕರೆಯುವುದು. ಸಿಎಚ್‌ಆರ್‌ಡಬ್ಲ್ಯೂ ಎಂಬ ಫಂಕ್ಷನ್‌ಗೆ 3221 ಕೊಟ್ಟರೆ ‘ಕ’ ಬರುತ್ತದೆ. ಕನ್ನಡದ ಸೊನ್ನೆ 3302, ಒಂಬತ್ತು 3311. “ಅಂಕಿ ಎಲ್ಲಾ ಕನ್ನಡದಾಗ ಬೇಕ್ರಿ” ಎಂದು ಕಡತ ಪೂರ್ತಿಯಾದ ಮೇಲೆ ಹೇಳುವ ಲೇಖಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಸುತ್ತುವ ಒಂದು ಲೂಪ್ ಬರೆದು, ಎಣಿಕೆಗೆ 3302 ಕೂಡಿಸಿದ ಅಕ್ಷರವನ್ನು ಬದಲಿಗೆ ಇಡುತ್ತ ಹೋದರೆ ಅವರ ಮಾತು ನಡೆಯುತ್ತದೆ.

ಇದೇ ಸಂಖ್ಯೆಗಳು ಕಣ್ಣಿಗೆ ಕಾಣದ ಒಂದು ದೋಷವನ್ನೂ ಹಿಡಿದುಕೊಡುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವವರು ಬಹಳ ಮಂದಿ. ‘ಸ೦ಸ್ಕೃತಿ’ ಮತ್ತು ‘ಸಂಸ್ಕೃತಿ’ ಎಂಬ ಈ ಎರಡು ಪದಗಳು ಕಾಗದದ ಮೇಲೆ ಹೆಚ್ಚುಕಡಿಮೆ ಒಂದೇ ತರಹ ಮೂಡುತ್ತವೆ, ಕರಡು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ. ಆದರೆ ಹುಡುಕಿದರೆ ಮೊದಲನೆಯದು ಸಿಗುವುದಿಲ್ಲ, ಪದಸೂಚಿ ಮಾಡುವಾಗ ಎರಡೂ ಬೇರೆ ಬೇರೆ ಪದಗಳಾಗಿ ನಿಲ್ಲುತ್ತವೆ. ಅನುಸ್ವಾರದ ಸಂಖ್ಯೆ 3202. ಸೊನ್ನೆಯ ಹಿಂದಿನ ಅಕ್ಷರ 3205ರಿಂದ 3276ರ ಒಳಗೆ, ಅಂದರೆ ಸ್ವರ, ವ್ಯಂಜನ ಅಥವಾ ಸ್ವರಚಿಹ್ನೆ ಆಗಿದ್ದರೆ ಮಾತ್ರ ಅದನ್ನು ಅನುಸ್ವಾರಕ್ಕೆ ಬದಲಿಸುವಂತೆ ಮ್ಯಾಕ್ರೋ ಬರೆದರೆ, ‘೧೦’ ಎಂಬಂಥ ನಿಜವಾದ ಸಂಖ್ಯೆಗಳಿಗೆ ಪೆಟ್ಟು ಬೀಳುವುದಿಲ್ಲ. ನಾನು ಬರೆದ ಮ್ಯಾಕ್ರೋಗಳಲ್ಲಿ ಅತಿ ಹೆಚ್ಚು ಓಡಿರುವುದು ಇದೇ ಇರಬೇಕು.

ಪೂರ್ತಿ ಪದಗಳನ್ನು ಬದಲಿಸಬೇಕಾದಾಗ ಸಂಖ್ಯೆಗಳಿಂದ ಪದ ಕಟ್ಟುವುದು ಬೇಸರದ ಕೆಲಸ. ಅದಕ್ಕೆ ಇನ್ನೊಂದು ದಾರಿ ಇದೆ: ಬದಲಿಸಬೇಕಾದ ಪದಗಳನ್ನು ಮ್ಯಾಕ್ರೋ ಒಳಗೆ ಬರೆಯದೆ, ಬೇರೊಂದು ವರ್ಡ್ ಕಡತದಲ್ಲಿ ಎರಡು ಕಾಲಮ್ಮಿನ ಟೇಬಲ್ ಮಾಡಿ, ಎಡಕ್ಕೆ ಬೇಡದ ರೂಪ, ಬಲಕ್ಕೆ ಬೇಕಾದ ರೂಪ ತುಂಬುವುದು. ಮ್ಯಾಕ್ರೋ ಸಾಲು ಸಾಲಾಗಿ ಅದನ್ನು ಓದಿಕೊಂಡು ಬದಲಿಸುತ್ತ ಹೋಗುತ್ತದೆ. ಟೇಬಲಿನ ಪ್ರತಿ ಕೋಶದ ಪಠ್ಯದ ಕೊನೆಗೆ ಕೋಶ ಮುಗಿದುದನ್ನು ಸೂಚಿಸುವ ಎರಡು ಅಕ್ಷರಗಳು ಅಂಟಿಕೊಂಡು ಬರುತ್ತವೆ. ಅವನ್ನು ಕತ್ತರಿಸದಿದ್ದರೆ ಒಂದು ಪದವೂ ಹೊಂದುವುದಿಲ್ಲ. ಈ ವ್ಯವಸ್ಥೆಯ ಲಾಭವೆಂದರೆ, ಪ್ರೋಗ್ರಾಮಿನ ಗಂಧಗಾಳಿ ಇಲ್ಲದ ಕರಡು ತಿದ್ದುವವರೂ ಟೇಬಲಿಗೆ ಸಾಲು ಸೇರಿಸಬಲ್ಲರು. ‘ವಿಶ್ವವಿದ್ಯಾಲಯ’ವೋ ‘ವಿಶ್ವವಿದ್ಯಾನಿಲಯ’ವೋ ಎಂಬ ವಾದವನ್ನು ಅವರು ಅಲ್ಲೇ ತೀರ್ಮಾನಿಸಿಕೊಳ್ಳುತ್ತಾರೆ.

ಫಾಂಟಿನ ವಿಷಯದಲ್ಲಿಯೂ ಪುಸ್ತಕ ಅರ್ಧವನ್ನೇ ಹೇಳುತ್ತದೆ. ಅದು ಕಲಿಸುವ ‘ಫಾಂಟ್ ನೇಮ್’, ‘ಫಾಂಟ್ ಸೈಜ್’ ಗುಣಗಳು ಇಂಗ್ಲಿಷ್ ಅಕ್ಷರಗಳನ್ನು ಬದಲಿಸುತ್ತವೆ, ಕನ್ನಡ ಇದ್ದಂತೆಯೇ ಇರುತ್ತದೆ. ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿನಲ್ಲಿ ಇಟ್ಟಿರುವುದರಿಂದ ‘ನೇಮ್‌ಬೈ’, ‘ಸೈಜ್‌ಬೈ’, ‘ಬೋಲ್ಡ್‌ಬೈ’ (NameBi, SizeBi, BoldBi) ಎಂಬ ಜೋಡಿ ಗುಣಗಳನ್ನೂ ಹೇಳಬೇಕು. ವರ್ಡ್‌ನ ಸಹಾಯ ಪುಟಗಳಲ್ಲಿ ಇವನ್ನು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೆ ಎಂದು ವಿವರಿಸಿರುವುದರಿಂದ ಕನ್ನಡದವರು ಆ ಕಡೆಗೆ ನೋಡುವುದೇ ಇಲ್ಲ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬಂದ ಕಡತಗಳ ಸಂಗತಿ ಬೇರೆಯೇ: ಅಲ್ಲಿ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ, ಮೇಲೆ ಕಾಣುವುದಷ್ಟೇ ಕನ್ನಡ. ಅಂಥವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳದೆ ಈ ಯಾವ ಮ್ಯಾಕ್ರೋವೂ ಕೆಲಸಕ್ಕೆ ಬಾರದು.

ಕಾಲದ ಜೊತೆ ನಿಜಕ್ಕೂ ಹಳತಾದ ಭಾಗಗಳೂ ಇವೆ. ಮೆನು ಮತ್ತು ಟೂಲ್‌ಬಾರ್ ಕಟ್ಟುವ ಅಧ್ಯಾಯ 2007ರಲ್ಲಿ ರಿಬ್ಬನ್ (ಮೆನುಗಳ ಜಾಗಕ್ಕೆ ಬಂದ, ಪರದೆಯ ಮೇಲ್ಭಾಗದ ಗುಂಡಿಗಳ ಪಟ್ಟಿ) ಬಂದಾಗಲೇ ಅರ್ಥ ಕಳೆದುಕೊಂಡಿತು. ಮ್ಯಾಕ್ರೋ ಇರುವ ಕಡತವನ್ನು ಡಾಕ್‌ಎಂ ರೂಪದಲ್ಲಿ ಉಳಿಸಬೇಕು, ಡಾಕ್‌ಎಕ್ಸ್ ಅದನ್ನು ಹೊರುವುದಿಲ್ಲ ಎಂಬುದೂ ಅಂದಿನಿಂದ ಬಂದ ನಿಯಮವೇ. ವಿಂಡೋಸ್ ಎಪಿಐ, ಅಂದರೆ ವಿಂಡೋಸ್ ಒಳಗಿನ ಫಂಕ್ಷನ್ನುಗಳನ್ನು, ಕರೆಯುವ ಉದಾಹರಣೆಗಳು 64 ಬಿಟ್ ಆಫೀಸಿನಲ್ಲಿ ಪಿಟಿಆರ್‌ಸೇಫ್ ಪದ ಸೇರಿಸದೆ ಓಡವು. ಮ್ಯಾಕ್ರೋ ವೈರಸ್ಸಿನ ಬಗ್ಗೆ ಪುಸ್ತಕ ಹಗುರವಾಗಿ ಮಾತನಾಡುತ್ತದೆ. 1999ರ ಮೆಲಿಸ್ಸಾ ವೈರಸ್ ವರ್ಡ್ ಕಡತದ ಮೂಲಕವೇ ಹರಡಿತು, 2022ರಿಂದ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿ ತಡೆಯತೊಡಗಿದೆ. ವರ್ಡ್ 2010ರಲ್ಲಿ ಸೇರಿದ ‘ಅನ್‌ಡು ರೆಕಾರ್ಡ್’ ಸೌಲಭ್ಯವೂ ಪುಸ್ತಕದಲ್ಲಿ ಇರಲು ಸಾಧ್ಯವಿಲ್ಲ, ಆದರೆ ಅದನ್ನು ತಪ್ಪದೆ ಕಲಿಯಬೇಕು. ಮ್ಯಾಕ್ರೋ ಮಾಡಿದ ನೂರಾರು ಬದಲಾವಣೆಗಳನ್ನು ಒಂದೇ ಕಂಟ್ರೋಲ್-ಝಡ್‌ನಿಂದ ಹಿಂದಕ್ಕೆ ಪಡೆಯಲು ಅದು ಅನುವು ಮಾಡಿಕೊಡುತ್ತದೆ.

ಈಗ ಕೇಳಿದೊಡನೆ ಮ್ಯಾಕ್ರೋ ಬರೆದುಕೊಡುವ ತಂತ್ರಾಂಶಗಳು ಬಂದಿರುವಾಗ ಪುಸ್ತಕವೇಕೆ ಎಂಬ ಪ್ರಶ್ನೆಯೂ ಇದೆ. ನಾನೂ ಅವನ್ನು ಬಳಸುತ್ತೇನೆ. ಆದರೆ ಅವು ಕನ್ನಡ ಪದಗಳನ್ನು ನೇರವಾಗಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟುಕೊಟ್ಟರೆ, ಸಂಪಾದಕಕ್ಕೆ ಅಂಟಿಸಿದ ಕೂಡಲೇ ಮತ್ತೆ ಅದೇ ಪ್ರಶ್ನಾರ್ಥಕ ಚಿಹ್ನೆಗಳು. ಕೊಟ್ಟದ್ದು ಮೂಲಪಠ್ಯವನ್ನು ಮಾತ್ರ ತಿದ್ದುತ್ತದೆಯೋ, ಅಡಿಟಿಪ್ಪಣಿಗೂ ಇಳಿಯುತ್ತದೆಯೋ ಎಂದು ಓದಿ ಹೇಳಬಲ್ಲವರು ಬೇಕೇ ಬೇಕು, ಮತ್ತು ಆ ಓದನ್ನು ಕಲಿಸಿದ್ದು ನನಗೆ ಈ ಪುಸ್ತಕ.

ಕೊಳ್ಳುವವರಿಗೆ ಒಂದು ಸೂಚನೆ. ಹಳೆಯ ಪುಸ್ತಕಗಳ ರಾಶಿಯಲ್ಲಿ ವರ್ಡ್ 6 ಮತ್ತು ವರ್ಡ್ 95ರ ಕಾಲದವೂ ಇರುತ್ತವೆ, ರಟ್ಟಿನ ಮೇಲೆ ಅದೇ ‘ಮ್ಯಾಕ್ರೋ’ ಎಂಬ ಪದವಿರುತ್ತದೆ. ಆದರೆ ಅವು ಕಲಿಸುವುದು ವರ್ಡ್‌ಬೇಸಿಕ್. ಹಿಂಬದಿಯ ಪದಸೂಚಿ ತೆರೆದು ರೇಂಜ್ ಎಂಬ ನಮೂದು ಇದೆಯೇ ನೋಡಿ. ಇಲ್ಲದಿದ್ದರೆ ಎಷ್ಟು ಅಗ್ಗವಾಗಿ ಕೊಟ್ಟರೂ ಕೊಳ್ಳಬೇಡಿ.