ಕ್ಯಾನ್ವಾಸ್ ಒಣಗಿಸೋದೇ ಒಂದು ಕೆಲಸ: ಹೈಬ್ರಿಡ್ ಟ್ರೈಲರ್ ಜೊತೆ ಎರಡೂವರೆ ವರ್ಷ

ನಮ್ಮದು ಗಾಡಿಯ ಹಿಂದೆ ಎಳೆದುಕೊಂಡು ಹೋಗಿ, ಹೋದಲ್ಲಿ ಬಿಚ್ಚಿ ಮಲಗುವ ಟ್ರೈಲರ್, ಅರ್ಧ ಗಟ್ಟಿ ಗೋಡೆ, ಅರ್ಧ ಟೆಂಟ್ ಬಟ್ಟೆ. ಮೊದಲೇ ಹೇಳಿಬಿಡುತ್ತೇನೆ, ಈ ಟ್ರೈಲರ್ ಬಗ್ಗೆ ನನಗಿರುವ ಸಿಟ್ಟೆಲ್ಲ ಅದರ ಬಟ್ಟೆಯ ಮೇಲೆ. ಚಕ್ರ ಚೆನ್ನಾಗಿದೆ. ತಗಡು ಚೆನ್ನಾಗಿದೆ. ಒಲೆ, ದೀಪ, ಫ್ಯಾನ್ ಎಲ್ಲ ಹೇಳಿದ ಮಾತು ಕೇಳುತ್ತವೆ. ಬಟ್ಟೆ ಮಾತ್ರ ನಮ್ಮ ಜೀವ ಹಿಂಡಿದೆ. ಅಳತೆ, ಬ್ಯಾಟರಿ, ಟ್ಯಾಂಕು ಇವನ್ನೆಲ್ಲ ಮಾರುವವರೇ ಬೇಕಾದಷ್ಟು ಹೇಳುತ್ತಾರೆ, ನಾನು ಅದಕ್ಕೆ ಹೋಗುವುದಿಲ್ಲ.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಮನೆಯವರದ್ದು ಪಂಪ್‌ಸೆಟ್ ರಿಪೇರಿ ಅಂಗಡಿ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಎಲ್ಲರಿಗೂ ಒಟ್ಟಿಗೆ ರಜೆ ಅಂತ ಸಿಗೋದು ವರ್ಷಕ್ಕೆ ಎರಡೇ ಸಲ, ಬೇಸಿಗೆಗೊಂದು, ದಸರಾಕ್ಕೊಂದು. ಇದನ್ನು ನೆನಪಿಡಿ, ಮುಂದಿನ ರಾಮಾಯಣಕ್ಕೆಲ್ಲ ಇದೇ ಕಾರಣ.

ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು. ಮೊದಲು ನೋಡಿದ್ದು ಗಾಡಿಯ ನೆತ್ತಿಯ ಮೇಲೆ ಕೂರಿಸುವ ಟೆಂಟ್. ಹಗುರ, ಖರ್ಚೂ ಕಡಿಮೆ, ಆದರೆ ಏಣಿ ಹತ್ತಬೇಕು. ಅತ್ತೆಗೆ ಮಂಡಿ ನೋವು. ಆಮೇಲೆ ಕಣ್ಣಿಗೆ ಬಿದ್ದದ್ದು ನೀರಿನ ಹನಿಯ ಆಕಾರದ ಪುಟ್ಟ ಟ್ರೈಲರ್, ಅಮೆರಿಕದಲ್ಲಿ 1930ರ ದಶಕದಿಂದಲೂ ಇರುವ ಮಾದರಿ. ಮುದ್ದಾಗಿದೆ, ಆದರೆ ಅದು ಗಂಡ ಹೆಂಡತಿಗೆ ಮಾತ್ರ, ಸಂಸಾರಕ್ಕಲ್ಲ. ಇನ್ನು ಪೂರ್ತಿ ಗಟ್ಟಿ ಗೋಡೆಯ ಕ್ಯಾರವಾನ್ ಅನ್ನು ನಮ್ಮ ಹಳೇ ಬೊಲೆರೊ ಎಳೆಯೋ ಮಾತು ಹಾಗಿರಲಿ, ಅದು ನಮ್ಮ ಬೀದಿಯ ತಿರುವಿನಲ್ಲಿ ತಿರುಗುವುದೇ ಇಲ್ಲ. ಹಾಗಾಗಿ ಹೈಬ್ರಿಡ್.

ಈ ಪದ ಕೇಳಿ ಮೋಸ ಹೋಗಬೇಡಿ. ಆಸ್ಟ್ರೇಲಿಯಾದವರಿಗೆ ಹೈಬ್ರಿಡ್ ಅಂದರೆ ಕಲ್ಲುಮಣ್ಣಿನ ದಾರಿಗೆಂದೇ ಕಟ್ಟಿದ ಗಟ್ಟಿ ಡಬ್ಬ, ಸಾಮಾನ್ಯವಾಗಿ ಅಡುಗೆ ಕಟ್ಟೆ ಹೊರಗಡೆ ಇರುತ್ತದೆ. ಅಮೆರಿಕದವರಿಗೆ ಅದೇ ಪದ ಬೇರೆ. ಗೋಡೆ ಗಟ್ಟಿ, ಆದರೆ ತುದಿಯಲ್ಲಿ ಹಾಸಿಗೆ ಹೊರಕ್ಕೆ ಚಾಚಿಕೊಳ್ಳುತ್ತದೆ, ಅದರ ಮೇಲೆ ಟೆಂಟ್ ಬಟ್ಟೆ. ಡಬ್ಬಕ್ಕೆ ಎರಡು ಜೋಳಿಗೆ ಕಟ್ಟಿದ ಹಾಗೆ. ನಮ್ಮದು ಈ ಎರಡನೇ ಜಾತಿ, ತೀರಾ ಚಿಕ್ಕದು. ಅಲ್ಲಿ ಹಗುರ ಅಂತ ಮಾರುವ ಎಷ್ಟೋ ಗಾಡಿ ಒಂದೂವರೆ ಟನ್ ದಾಟುತ್ತವೆ. ನಾವು ಬೆಂಗಳೂರಿನ ಹೊರವಲಯದ ಒಂದು ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ್ದು ಖಾಲಿ 510 ಕೆಜಿ, ಸಾಮಾನು ತುಂಬಿದರೆ 640. ಕೊಟ್ಟದ್ದು 4 ಲಕ್ಷ 60 ಸಾವಿರ. ಟ್ರೈಲರ್‌ಗೂ ಬೇರೆ ರಿಜಿಸ್ಟ್ರೇಷನ್ ಇರುತ್ತದೆ, ಅದರ ನಂಬರ್ ಜೊತೆ ಎಳೆಯುವ ಗಾಡಿಯ ನಂಬರೂ ಅದರ ಮೇಲೆ ಕಾಣಬೇಕು. "ಇದೇನ್ ಸಾರ್, ಒಂದು ಗಾಡಿಗೆ ಎರಡು ಕೆಎ 06?" ಅಂತ ಕೇಳದ ಟೀ ಅಂಗಡಿ ಇಲ್ಲ. ಮನೆಗೆ ತಂದ ದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಅಂತ ನಿಲ್ಲಿಸಿದೆವು. ತಿಂದಿದ್ದು ಹತ್ತು ನಿಮಿಷ, ರಿವರ್ಸ್ ತೆಗೆದಿದ್ದು ಇಪ್ಪತ್ತು ನಿಮಿಷ.

ಮೊದಲ ದಸರಾ ರಜೆ. ಮಾರ್ಕೋನಹಳ್ಳಿ ಕಡೆ ನಮ್ಮ ಸ್ಕೂಲಿನವರೊಬ್ಬರ ತೋಟ ಇದೆ, ಅಲ್ಲಿಗೆ ಹೊರಟೆವು. ಅತ್ತೆ ಬರಲಿಲ್ಲ. "ಚಿತ್ತೆ ಮಳೆ ಕುರುಡಿ ಕಣಮ್ಮ, ಎತ್ತ ಎರಚುತ್ತೋ ಅದಕ್ಕೇ ಗೊತ್ತಿಲ್ಲ. ಬಟ್ಟೆ ಮನೆ ಕಟ್ಟಿಕೊಂಡು ಹೋಗ್ತೀರಲ್ಲ" ಅಂದರು. ನಾವು ನಕ್ಕೆವು. ರಾತ್ರಿ ಹನ್ನೊಂದಕ್ಕೆ ಶುರುವಾಯಿತು. ಮೊದಲು ಮಗಳ ಹಣೆ ಮೇಲೆ ಒಂದು ಹನಿ, ಆಮೇಲೆ ದಿಂಬು, ಆಮೇಲೆ ಹೊಲಿಗೆ ಇದ್ದ ಕಡೆಯೆಲ್ಲ ಸಾಲಾಗಿ ತೊಟತೊಟ. ಮಗ ನಿದ್ದೆಯಲ್ಲಿ ಬಟ್ಟೆಗೆ ಕಾಲು ಒರಗಿಸಿದ್ದ, ಒರಗಿಸಿದ ಜಾಗದಿಂದಲೇ ನೀರು ಇಳಿದು ಹಾಸಿಗೆ ಸೇರಿತು. ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ನೀರು ಮಟ್ಟ ದಾಟಿದರೆ ತಾನೇ ಹೊರಕ್ಕೆ ಹಾಕುವ ಸೈಫನ್ ಇದೆ. ಅದರ ಪಕ್ಕದಲ್ಲೇ ನಮ್ಮದು, ನೀರನ್ನು ತಾನೇ ಒಳಕ್ಕೆ ಎಳೆದುಕೊಳ್ಳುವ ಗಾಡಿ. ನಾಲ್ಕೂ ಜನ ನಡುವಿನ ಗಟ್ಟಿ ಭಾಗದಲ್ಲಿ ಬೆಳಗಿನವರೆಗೆ ಕುಕ್ಕರುಗಾಲಲ್ಲಿ ಕೂತಿದ್ದೆವು.

ನಿಜವಾದ ತಪ್ಪು ಮಾಡಿದ್ದು ಆಮೇಲೆ. ಒದ್ದೆ ಬಟ್ಟೆಯನ್ನೇ ಮಡಚಿ ಒಳಗೆ ತುರುಕಿ ಮನೆಗೆ ಬಂದೆವು. ಹಬ್ಬ, ನೆಂಟರು, ಪರೀಕ್ಷೆ ಪೇಪರ್ ತಿದ್ದೋದು. ಐದನೇ ದಿನ ಬಿಚ್ಚಿದರೆ ನೆನೆಹಾಕಿ ಮರೆತ ಕಡಲೆಬೇಳೆಯ ವಾಸನೆ. ಬಟ್ಟೆ ತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬ್ಲೀಚ್ ಹಾಕಿದರೆ ಬಟ್ಟೆಯೇ ಸೊರಗುತ್ತದೆ ಅಂದರು, ಬಿಳಿ ವಿನೆಗರ್‌ಗೆ ನೀರು ಬೆರೆಸಿ ಮೆತ್ತಗಿನ ಬ್ರಷ್‌ನಲ್ಲಿ ಎರಡು ಭಾನುವಾರ ಉಜ್ಜಿದೆ. ವಾಸನೆ ಹೋಯಿತು. ಚುಕ್ಕೆ ಇವತ್ತಿಗೂ ಇದೆ.

ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, "ಕ್ಯಾನ್ವಾಸ್ ಅಂದ್ಮೇಲೆ ಸ್ವಲ್ಪ ನೆನೆಯುತ್ತೆ ಮೇಡಂ" ಅಂದರು. ಅಷ್ಟೇ. ಅವರು ಹೇಳಬೇಕಿದ್ದ, ಆದರೆ ಹೇಳದ ವಿಷಯ ನಾನೇ ಹುಡುಕಿ ತಿಳಿದದ್ದು ಇದು. ಹತ್ತಿ ಬೆರೆತ ಹೊಸ ಕ್ಯಾನ್ವಾಸನ್ನು ಮಳೆಗೆ ಒಯ್ಯುವ ಮುಂಚೆ ಎರಡು ಮೂರು ಸಲ ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಬೇಕು. ನೆನೆದಾಗ ನೂಲು ಊದಿಕೊಂಡು ಸೂಜಿ ಚುಚ್ಚಿದ ತೂತುಗಳು ಮುಚ್ಚಿಕೊಳ್ಳುತ್ತವೆ. ಹೊಸ ಮಣ್ಣಿನ ಮಡಕೆಯನ್ನು ನೀರು ಹಾಕಿ ಪಳಗಿಸುವುದಿಲ್ಲವೇ, ಹಾಗೆ. ಸರಿ, ಪೈಪ್ ಹಿಡಿದು ಟ್ರೈಲರ್‌ಗೆ ಸ್ನಾನ ಮಾಡಿಸಿದೆವು. ಎದುರು ಮನೆಯವರು ಗೇಟಿಗೆ ಬಂದು ನಿಂತು, ಏನೂ ಕೇಳದೆ ಒಳಗೆ ಹೋದರು. ಸೋರುವುದು ಮುಕ್ಕಾಲು ಪಾಲು ನಿಂತಿತು. ಉಳಿದ ಒಂದು ಮೂಲೆಯನ್ನು ಲಾರಿ ಟಾರ್ಪಾಲ್ ಹೊಲಿಯುವವರೊಬ್ಬರು 1,800 ರೂಪಾಯಿಗೆ ಸರಿ ಮಾಡಿಕೊಟ್ಟರು. ಹೊಲಿಗೆ ಬಿಚ್ಚಿ ನೋಡಿ, "ಬಟ್ಟೇಲಿ ದೋಷ ಇಲ್ಲ ಮೇಡಂ, ಹೊಲಿದೋನಿಗೆ ಅರ್ಜೆಂಟ್ ಇತ್ತು" ಅಂದರು.

ಸೋರುವುದು ನಿಂತರೂ ಒಣಗಿಸುವ ಕರ್ಮ ತಪ್ಪಿದ್ದಲ್ಲ. ಮಳೆ ಬಂದರೆ ಬಟ್ಟೆ ಹೊರಗಿಂದ ನೆನೆಯುತ್ತದೆ. ಮಳೆ ಬರದಿದ್ದರೂ ನಾಲ್ಕು ಜನರ ಉಸಿರಿಗೆ ಒಳಗಿಂದ ಬೆವರುತ್ತದೆ, ಚಳಿ ಅಂತ ಕಿಟಕಿ ಮುಚ್ಚಿದರಂತೂ ಬೆಳಿಗ್ಗೆ ಕೈ ಇಟ್ಟರೆ ಒದ್ದೆ. ಮನೆಗೆ ಬಂದು 24 ಗಂಟೆಯೊಳಗೆ ಬಿಚ್ಚಿ ಹರಡಲೇಬೇಕು, ಎರಡು ದಿನ ದಾಟಿತೋ ಬೂಸು ಗ್ಯಾರಂಟಿ. ಹೇಳಿ ಕೇಳಿ ನಮ್ಮ ಕಡೆ ಜಾಸ್ತಿ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ನಮ್ಮ ರಜೆ ಕೂಡ ಆಗಲೇ. ಬಿಸಿಲೇ ಇಲ್ಲದ ವಾರದಲ್ಲಿ ಅದು ಮೂರು ಮೂರು ದಿನ ಅಂಗಳದಲ್ಲಿ ರೆಕ್ಕೆ ಹರಡಿಕೊಂಡು ನಿಂತಿರುತ್ತಿತ್ತು. ಸೋಮವಾರ ಬೆಳಿಗ್ಗೆ ಅದರ ಪಕ್ಕದಿಂದ ಸ್ಕೂಟರ್ ನುಗ್ಗಿಸಿಕೊಂಡು ಸ್ಕೂಲಿಗೆ ಹೋಗುವಾಗ, ಈ ದುಡ್ಡಿಗೆ ಎರಡು ಬಳೆಯಾದರೂ ಬರುತ್ತಿತ್ತಲ್ಲ ಅನ್ನಿಸಿದ್ದು ಸುಳ್ಳಲ್ಲ. ಆ ತಿಂಗಳು ಈ ವಿಮರ್ಶೆ ಬರೆದಿದ್ದರೆ ಒಂದೇ ಸಾಲು ಬರೆಯುತ್ತಿದ್ದೆ.

ಎರಡನೇ ವರ್ಷ ಬೇಸಿಗೆಯಲ್ಲಿ ಮೂಡಿಗೆರೆ ಕಡೆಯಿಂದ ನೆನೆದು ಬಂದಿದ್ದೆವು. ಎಂದಿನ ಹಾಗೆ ಬಿಚ್ಚಿಟ್ಟೆ. ರಾತ್ರಿ ಕರೆಂಟ್ ಹೋಯಿತು. ಒಳಗೆ ಸೆಕೆ. ಅತ್ತೆ ಚಾಪೆ ಹಿಡಿದು ಜಗಲಿಗೆ ಬಂದವರು, ಅಲ್ಲಿಂದ ಟ್ರೈಲರ್ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಎರಡೇ ಮೆಟ್ಟಿಲು. ನಾನು ಏನೂ ಹೇಳಲಿಲ್ಲ, ಹೇಳಿದ್ದರೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ನೀರು ಬಿಡಲು ಎದ್ದರೆ ಜಗಲಿಯಲ್ಲಿ ಚಾಪೆ ಇಲ್ಲ, ಬಲಗಡೆ ರೆಕ್ಕೆಯ ಜಿಪ್ ಒಳಗಿಂದ ಹಾಕಿದೆ. ಮೂರು ಕಡೆ ಸೊಳ್ಳೆ ಜಾಲರಿ, ಮಲಗಿದಲ್ಲಿಂದಲೇ ಮಲ್ಲಿಗೆ ಬಳ್ಳಿ, ಮೇಲೆ ಆಕಾಶ. ಹುಡುಗಿಯಾಗಿದ್ದಾಗ ಕಣದಲ್ಲಿ ರಾಗಿ ಕಾಯಲು ಹೀಗೇ ಮಲಗುತ್ತಿದ್ದೆವು ಅಂದರು. ಎರಡನೇ ದಿನ ಬಟ್ಟೆ ಕಟಕಟ ಒಣಗಿತ್ತು. ಮಡಚಲು ಹೋದೆ. "ಇನ್ನೂ ಹಸಿ ಇದೆ ಕಣೇ, ಮೂಲೆ ಮುಟ್ಟಿ ನೋಡು" ಅಂದರು. ಮೂಲೆ ಮುಟ್ಟಿದೆ. ಹಸಿ ಇರಲಿಲ್ಲ. ಇದೆ ಅಂದೆ.

ಆಮೇಲೆ ಇದೊಂದು ಪದ್ಧತಿಯೇ ಆಯಿತು. ಒಣಗಿಸುವ ದಿನ ಸಂಜೆ ಮಕ್ಕಳು ಅಲ್ಲೇ ಹೋಂವರ್ಕ್, ಅತ್ತೆ ಅಲ್ಲೇ ಸೊಪ್ಪು ಬಿಡಿಸುವುದು, ಎದುರು ಮನೆಯವರೂ ಈಗ ಒಳಗೆ ಬಂದು ಕೂರುತ್ತಾರೆ. ನಾನು ಡೈರಿಯಲ್ಲಿ ಬರೆದಿಡುತ್ತೇನೆ. ಈವರೆಗೆ ಹೊರಗೆ ಹೋಗಿ ಮಲಗಿದ್ದು 23 ರಾತ್ರಿ. ಮನೆ ಮುಂದೆ ಬಿಚ್ಚಿಟ್ಟದ್ದು 31 ರಾತ್ರಿ. ಅದರಲ್ಲಿ ಎಷ್ಟು ನಿಜವಾಗಿ ಒದ್ದೆ ಇತ್ತು ಅಂತ ಬರೆದಿಟ್ಟಿಲ್ಲ.

ಅತ್ತೆ ಕೊನೆಗೆ ಬಂದದ್ದು ಶಿರಾ ಹತ್ತಿರದ ಕಗ್ಗಲಡು ಅನ್ನುವ ಊರಿಗೆ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ. ಪರಿಚಯದವರ ಹಿತ್ತಲಲ್ಲಿ ನಿಲ್ಲಿಸಿದ್ದೆವು. ನಿಲ್ಲಿಸುವ ಶಾಸ್ತ್ರ ಹೀಗೆ. ಮೊದಲು ಚಕ್ರಕ್ಕೆ ಕಲ್ಲು ಕೊಡುವುದು, ಅದು ಮಗಳ ಕೆಲಸ. ಆಮೇಲೆ ಮಗ ನೆಲಹಾಸಿನ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವ ತನಕ ಅಪ್ಪನ ಕೈಲಿ ನಾಲ್ಕು ಮೂಲೆಯ ಜಾಕಿ ತಿರುಗಿಸುತ್ತಾನೆ. ಆ ಹತ್ತು ನಿಮಿಷ ಅವನೇ ಮೇಸ್ತ್ರಿ. ನನ್ನ ಪಾಲಿನದು ಹಿಂಬಾಗಿಲು. ಅದನ್ನು ಮೇಲಕ್ಕೆತ್ತಿದರೆ ಅದೇ ಚಪ್ಪರ, ಕೆಳಗೆ ಎರಡಡಿ ಅಗಲದ ಅಡುಗೆ ಕಟ್ಟೆ. ರಾತ್ರಿಯೇ ಹಿತ್ತಾಳೆ ಫಿಲ್ಟರ್‌ಗೆ ಬಿಸಿನೀರು ಹಾಕಿ ಸ್ಟೀಲ್ ಡಬ್ಬಿಯೊಳಗೆ ಕೂರಿಸುತ್ತೇನೆ, ಇಲ್ಲದಿದ್ದರೆ ಗಾಳಿಗೆ ಡಿಕಾಕ್ಷನ್ ತಣ್ಣಗೆ ಕೊರೆಯುತ್ತದೆ. ಬೆಳಿಗ್ಗೆ ಆ ಮನೆಯವರೇ ಚೊಂಬಿನಲ್ಲಿ ಹಾಲು ತಂದುಕೊಟ್ಟರು, ಇನ್ನೂ ಬೆಚ್ಚಗಿತ್ತು. ಮೇಲೆ ಮರಿಗಳ ಗಲಾಟೆ, ದೊಡ್ಡವು ಕೊಕ್ಕು ಬಡಿಯುವ ಟಕಟಕ, ಕೆಳಗೆ ನಾವು ಐದು ಜನ ಲೋಟ ಹಿಡಿದು ಮೇಲೆ ನೋಡುತ್ತ. ಟ್ರೈಲರನ್ನು ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ. ಕಾರಣ ಹೇಳಬೇಕಾ?

ತೂಕದ ವಿಷಯ ಒಂದಿದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಿಪಟೂರಿನ ಚಿಕ್ಕಮಾವನವರ ತೋಟದಿಂದ ಬರುವಾಗ ಪ್ರೀತಿಯಿಂದ ಎರಡು ಚೀಲ ತೆಂಗಿನಕಾಯಿ ಕೊಟ್ಟರು. ಜಾಗ ಇದ್ದದ್ದು ಹಿಂದುಗಡೆ, ಅಲ್ಲೇ ಹಾಕಿದೆವು. ಗುಬ್ಬಿಗೆ ಮುಂಚೆ ಒಂದು ಬಸ್ಸು ಓವರ್‌ಟೇಕ್ ಮಾಡಿದ್ದೇ ತಡ, ಟ್ರೈಲರ್ ಹಾವಿನ ಬಾಲದ ಹಾಗೆ ಆಡತೊಡಗಿತು. ಇವರು ಬ್ರೇಕ್ ಒತ್ತದೆ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಟ್ಟರು, ಮೆಲ್ಲಗೆ ನಿಂತಿತು. ಮಕ್ಕಳು ಆ ಹೊತ್ತು ಒಂದು ಮಾತೂ ಆಡಲಿಲ್ಲ. ಟ್ರೈಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದೆ, ಗಾಡಿಗೆ ಸಿಕ್ಕಿಸುವ ಹಿಚ್ ಮೇಲೆ ಕೂರಬೇಕು. ಚಕ್ರದ ಹಿಂದೆ ಭಾರ ಹೆಚ್ಚಾದರೆ ಮುಂದೆ ತೇಲುತ್ತದೆ, ಆಮೇಲೆ ಬಾಲ ಆಡುತ್ತದೆ. ಮುಂದಿನ ಸಲ ತಿಪಟೂರಿಗೆ ಹೋದಾಗ ಹಾಗೇ ಎರಡು ಚೀಲ ಹಿಂದಿಟ್ಟು, ಚಿಕ್ಕಮಾವ ಕೊಬ್ಬರಿ ತೂಗುವ ತಕ್ಕಡಿ ಮೇಲೆ ಟ್ರೈಲರ್‌ನ ಮೂತಿ ಇಡಿಸಿ ನೋಡಿದೆವು. 640 ಕೆಜಿ ಗಾಡಿಗೆ 64ರಿಂದ 96 ಇರಬೇಕಾದ್ದು, ಇದ್ದದ್ದು 31. ಈಗ ತೆಂಗಿನಕಾಯಿ ಬೊಲೆರೊದಲ್ಲಿ, ಮಕ್ಕಳ ಕಾಲ ಕೆಳಗೆ. ನೀರಿನ ಟ್ಯಾಂಕನ್ನೂ ಹೋಗುವ ಜಾಗದಲ್ಲೇ ತುಂಬಿಸುತ್ತೇವೆ. ಲೀಟರಿಗೆ ಒಂದು ಕೆಜಿ, ಸುಮ್ನೆ ಯಾಕೆ ಹೊರಬೇಕು?

ಹಾಗಾದರೆ ತೆಗೆದುಕೊಳ್ಳಬಹುದಾ ಅಂತ ಕೇಳಿದರೆ, ಮಲೆನಾಡಿನ ಮಳೆಗಾಲದಲ್ಲಿ ತಿರುಗುವ ಆಸೆ ಇದ್ದರೆ ಬೇಡ, ಸಾಲ ಮಾಡಿಯಾದರೂ ಗಟ್ಟಿ ಗೋಡೆಯದ್ದು ನೋಡಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗಂತೂ ಬೇಡವೇ ಬೇಡ. ನಮ್ಮ ಹಾಗೆ ಹೆಚ್ಚಾಗಿ ನೂರು ಕಿಲೋಮೀಟರ್ ಒಳಗೆ ನೆಂಟರ ತೋಟ, ಪರಿಚಯದವರ ಹಿತ್ತಲು ಅಂತ ಸುತ್ತುವವರಾದರೆ ಸರಿ ಹೋಗುತ್ತದೆ. ಕೊಳ್ಳುವ ಮುಂಚೆ ಎರಡೂ ರೆಕ್ಕೆ ಬಿಚ್ಚಿದಾಗ ಎಷ್ಟು ಉದ್ದ ಅಂತ ಕೇಳಿ, ಮನೆಗೆ ಬಂದು ಅಂಗಳ ಅಳೆಯಿರಿ. ನಮ್ಮದು ಬಿಚ್ಚಿದರೆ ಹದಿನೆಂಟೂವರೆ ಅಡಿ, ಅಂಗಳ ಇದ್ದದ್ದು ಹತ್ತೊಂಬತ್ತು, ಮಧ್ಯೆ ಅತ್ತೆಯ ದಾಸವಾಳದ ಕುಂಡಗಳು. ಮೊದಲ ವರ್ಷ ಒಂದನ್ನೂ ಅಲ್ಲಾಡಿಸಲು ಬಿಟ್ಟಿರಲಿಲ್ಲ. ಹೋದ ವಾರ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಪಕ್ಕದ ಮನೆ ಹುಡುಗನ ಕೈಲಿ ಅಷ್ಟನ್ನೂ ತಾರಸಿಗೆ ಸಾಗಿಸಿದ್ದರು. ಮಳೆ ಬಂದು ಇನ್ನೂ ತಿಂಗಳಾಗಿಲ್ಲ, ಟ್ರೈಲರ್ ಬೇಸಿಗೆಯಿಂದ ಹೊರಗೇ ಹೋಗಿಲ್ಲ. "ಒಂದ್ಸಲ ಬಿಚ್ಚಿ ಗಾಳಿಗೆ ಬಿಡಬೇಕು ಕಣೇ, ಬೂಸು ಹಿಡಿದೀತು" ಅಂದರು.