ಟರ್ಮಿನಲ್‌ನಲ್ಲಿ ಸ್ಪೀಡ್ ಟೆಸ್ಟ್: ಒಂದೇ ಹೆಸರಿನ ಎರಡು ಸಾಧನ, ಯಾವುದು ಯಾವುದಕ್ಕೆ?

ಮನೆ ಇಂಟರ್ನೆಟ್ ವೇಗವನ್ನು ಟರ್ಮಿನಲ್‌ನಿಂದ (ಕಮಾಂಡು ಟೈಪ್ ಮಾಡುವ ಕಿಟಕಿ) ಅಳೆಯಲು ಹೊರಟರೆ ಮೊದಲು ಎದುರಾಗುವವು ಎರಡು. ಒಂದು, ಪೈಥಾನ್‌ನಲ್ಲಿ ಬರೆದ ಓಪನ್ ಸೋರ್ಸ್ ‘ಸ್ಪೀಡ್‌ಟೆಸ್ಟ್-ಸಿಎಲ್‌ಐ’. ಇನ್ನೊಂದು, ಸ್ಪೀಡ್‌ಟೆಸ್ಟ್ ಜಾಲತಾಣದ ಊಕ್ಲಾ ಕಂಪನಿಯೇ ಕೊಡುವ ‘ಸ್ಪೀಡ್‌ಟೆಸ್ಟ್’. ಮನೆ ಬಳಕೆಗೆ ಎರಡೂ ಪುಕ್ಕಟೆ. ಪೈಥಾನ್‌ನದ್ದನ್ನು ಪಿಪ್ (ಪೈಥಾನ್ ತಂತ್ರಾಂಶ ಹಾಕುವ ಸಾಧನ) ಮೂಲಕ ಹಾಕಿಕೊಂಡರೆ ಅದು ‘ಸ್ಪೀಡ್‌ಟೆಸ್ಟ್’ ಎಂಬ ಕಮಾಂಡನ್ನೂ ಹಿಡಿದು ಕೂರುತ್ತದೆ. ಹೀಗಾಗಿ ನೀವು ಓಡಿಸುತ್ತಿರುವುದು ಯಾವುದು ಅಂತ ಮೊದಲು ‘ಸ್ಪೀಡ್‌ಟೆಸ್ಟ್ --ವರ್ಷನ್’ ಕೊಟ್ಟು ನೋಡಿ. ಉತ್ತರದಲ್ಲಿ ಊಕ್ಲಾ ಹೆಸರಿದ್ದರೆ ಅಧಿಕೃತ, ಪೈಥಾನ್ ಆವೃತ್ತಿ ಕಂಡರೆ ಹಳೆಯದು. ಹಳೆಯದನ್ನು ತೆಗೆದ ಮೇಲೂ ಶೆಲ್ (ನೀವು ಟೈಪ್ ಮಾಡಿದ ಕಮಾಂಡನ್ನು ಓಡಿಸುವ ತಂತ್ರಾಂಶ) ಅದರ ಜಾಗವನ್ನೇ ಹುಡುಕುತ್ತಿದ್ದರೆ ‘ಹ್ಯಾಶ್ -ಆರ್’ ಕೊಡಿ, ಸರಿಹೋಗುತ್ತದೆ. (ಕಮಾಂಡುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ.)

ಪೈಥಾನ್ ಆವೃತ್ತಿಯ ದೊಡ್ಡ ಅನುಕೂಲ ಅಂದರೆ ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ನೇರವಾಗಿ ಅವುಗಳದೇ ಇನ್‌ಸ್ಟಾಲರ್ ಆದ ಆಪ್ಟ್‌ನಿಂದ ಸಿಗುತ್ತದೆ. ‘--ಸಿಂಪಲ್’ ಹಾಕಿದರೆ ಪಿಂಗ್, ಡೌನ್‌ಲೋಡ್, ಅಪ್‌ಲೋಡ್ ಅಂತ ಮೂರೇ ಸಾಲು. 403 ಫರ್ಬಿಡನ್ ಅಂತ ಕೈಕೊಟ್ಟರೆ ‘--ಸೆಕ್ಯೂರ್’ ಸೇರಿಸಿ, ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ. ರ‍್ಯಾಮ್ ಕಡಿಮೆ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಅಪ್‌ಲೋಡ್ ಹಂತಕ್ಕೆ ಬಂದು ಮೆಮೊರಿ ಎರರ್ ಕೊಟ್ಟರೆ ‘--ನೋ-ಪ್ರಿ-ಅಲೊಕೇಟ್’ ಬೇಕು. ಆದರೆ ಇದರ ಕೊನೆಯ ಬಿಡುಗಡೆ 2.1.3 ಬಂದದ್ದು 2021ರಲ್ಲಿ. ಅಳೆಯುವುದು ಹಳೆಯ ಎಚ್‌ಟಿಟಿಪಿ ವಿಧಾನದಲ್ಲಿ, ಹಾಗಾಗಿ ಜಾಲತಾಣದಲ್ಲಿ ಕಾಣುವ ಅಂಕಿಗೂ ಇದಕ್ಕೂ ತಾಳೆಯಾಗುವುದಿಲ್ಲ. 300 ಎಂಬಿಪಿಎಸ್ ಪ್ಲ್ಯಾನಿನಲ್ಲಿ, ಅದೂ ನಿಧಾನದ ಪ್ರೊಸೆಸರ್ ಮೇಲೆ, ಇದು ಕಡಿಮೆ ತೋರಿಸಿದರೆ ತಪ್ಪು ಲೈನಿನದ್ದೇ ಅಂತ ತೀರ್ಮಾನಿಸಬೇಡಿ.

ಊಕ್ಲಾದ್ದು ತಾನಾಗಿಯೇ ಓಡುವ ಒಂದೇ ಫೈಲು. ಹೊಸ ಉಬುಂಟು ಬಂದಾಗ ಅವರ ರೆಪೊ (ಆಪ್ಟ್ ತಂತ್ರಾಂಶ ಇಳಿಸಿಕೊಳ್ಳುವ ಜಾಗ) 404 ಕೊಡುವುದುಂಟು. ಆಗ ರೆಪೊ ಜೊತೆ ಗುದ್ದಾಡುವ ಬದಲು ಟಾರ್ ಫೈಲ್ ಇಳಿಸಿ, ಬಿಚ್ಚಿ, ಆ ಒಂದು ಫೈಲನ್ನು ಯುಎಸ್ಆರ್-ಲೋಕಲ್-ಬಿನ್ ಫೋಲ್ಡರಿಗೆ ಹಾಕಿದರೆ ಸಾಕು. ಮೊದಲ ಸಲ ಲೈಸೆನ್ಸಿಗೆ ಒಪ್ಪಿಗೆ ಕೇಳುತ್ತದೆ. ಆ ಒಪ್ಪಿಗೆ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಉಳಿಯುವುದರಿಂದ, ನಿಮ್ಮ ಹೆಸರಿನಲ್ಲಿ ಒಪ್ಪಿದ್ದರೂ ರೂಟ್‌ನ (ಅಡ್ಮಿನ್ ಖಾತೆಯ) ಕ್ರಾನ್, ಅಂದರೆ ಗೊತ್ತುಮಾಡಿದ ಹೊತ್ತಿಗೆ ತಾನೇ ಓಡುವ ಕೆಲಸ, ಮತ್ತೆ ಅಲ್ಲೇ ನಿಲ್ಲುತ್ತದೆ. ಕ್ರಾನ್ ಸಾಲಿನಲ್ಲಿ ‘--ಅಕ್ಸೆಪ್ಟ್-ಲೈಸೆನ್ಸ್ --ಅಕ್ಸೆಪ್ಟ್-ಜಿಡಿಪಿಆರ್’ ಎರಡನ್ನೂ ಹಾಕಿಬಿಡಿ.

ಲೆಕ್ಕ ತಪ್ಪುವ ಜಾಗ ಇನ್ನೊಂದಿದೆ. ಪೈಥಾನ್‌ನ ಜೇಸನ್ (ಬೇರೆ ತಂತ್ರಾಂಶಗಳು ಓದಲು ಕೊಡುವ ರೂಪ) ಫಲಿತಾಂಶದಲ್ಲಿ ವೇಗ ಇರುವುದು ಸೆಕೆಂಡಿಗೆ ಇಷ್ಟು ಬಿಟ್ ಅಂತ, ಊಕ್ಲಾದ ‘ಬ್ಯಾಂಡ್‌ವಿಡ್ತ್’ ಇರುವುದು ಸೆಕೆಂಡಿಗೆ ಇಷ್ಟು ಬೈಟ್ ಅಂತ. ಊಕ್ಲಾ 11800000 ಅಂದರೆ ಎಂಟರಿಂದ ಗುಣಿಸಿ: 94.4 ಎಂಬಿಪಿಎಸ್. ಎರಡರ ಲಾಗ್‌ಗಳನ್ನು ಒಂದೇ ಶೀಟಿಗೆ ಸುರಿದರೆ ಎಂಟು ಪಟ್ಟು ಏರುಪೇರು.

ಈ 94ರ ಆಸುಪಾಸಿನ ಅಂಕಿ ಕಂಡರೆ ಅನುಮಾನ ಪಡಿ. 200 ಎಂಬಿಪಿಎಸ್ ಪ್ಲ್ಯಾನ್ ಇದ್ದೂ ಯಾವ ಹೊತ್ತಿನಲ್ಲಿ ನೋಡಿದರೂ 94-95ಕ್ಕೇ ನಿಂತರೆ, ಎಲ್ಲೋ ಒಂದು ಕಡೆ ಈಥರ್‌ನೆಟ್ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಕನೆಕ್ಟರಿನಲ್ಲಿ ಆ ನಾಲ್ಕನ್ನು ಬಿಟ್ಟು ಬೇರೆ ಒಂದು ತಂತಿ ಸಡಿಲವಾದರೂ ಸಾಮಾನ್ಯವಾಗಿ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತದೆ. ‘ಎಥ್‌ಟೂಲ್’ ಕೊಟ್ಟು ಸ್ಪೀಡ್ ಸಾಲು ನೋಡಿ. ರಾಸ್ಪ್‌ಬೆರಿ ಪೈ 3ರ ಪೋರ್ಟೇ 100ರದ್ದು, 3ಬಿ ಪ್ಲಸ್ ಸುಮಾರು 300ರವರೆಗೆ, ಪೂರ್ತಿ ಗಿಗಾಬಿಟ್ ಸಿಗುವುದು 4ರಿಂದ. ವೈಫೈ ಮೇಲೆ ಅಳೆದದ್ದು ವೈಫೈನ ಅಳತೆ, ಅದನ್ನು ಹಿಡಿದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೊದಲ ಮಾತೇ ‘ಕೇಬಲ್ ಹಾಕಿ ನೋಡಿ ಸರ್’.

ಸರ್ವರ್ ಆಯ್ಕೆಯನ್ನು ಸಾಧನಕ್ಕೇ ಬಿಟ್ಟರೆ ಎಷ್ಟೋ ಸಲ ನಿಮ್ಮ ಪೂರೈಕೆದಾರರೇ ಇಟ್ಟಿರುವ ಸರ್ವರ್ ಸಿಗುತ್ತದೆ. ಆಗ ಡೇಟಾ ಅವರ ಜಾಲದಿಂದ ಹೊರಗೇ ಹೋಗುವುದಿಲ್ಲ, ಅಂಕಿ ಮಾತ್ರ ಫಳಫಳ. ಐಪಿ ವಿಳಾಸ ಬೇರೆ ಊರಿನ ಲೆಕ್ಕದಲ್ಲಿದ್ದರೆ ಶಿವಮೊಗ್ಗದ ಮನೆಗೂ ಮುಂಬೈ ಸರ್ವರ್ ಬಂದೀತು. ‘ಸ್ಪೀಡ್‌ಟೆಸ್ಟ್ -ಎಲ್’ (ದೊಡ್ಡಕ್ಷರ) ಕೊಟ್ಟು ಪಟ್ಟಿ ನೋಡಿ, ‘-ಎಸ್’ ಜೊತೆ ಸಂಖ್ಯೆ ಕೊಟ್ಟು ಮೂರು ಕಡೆ ಅಳೆಯಿರಿ: ನಿಮ್ಮ ಪೂರೈಕೆದಾರರದ್ದು, ಅದೇ ಊರಿನ ಬೇರೆ ಕಂಪನಿಯದ್ದು, ದೂರದ ಊರಿನದ್ದು. ಮೊದಲನೆಯದು ಪೂರ್ತಿ, ಉಳಿದೆರಡು ಸಂಜೆ ಹೊತ್ತು ಮಾತ್ರ ಕುಸಿದರೆ ತೊಂದರೆ ನಿಮ್ಮ ಫೈಬರಿನಲ್ಲಲ್ಲ, ಅವರ ಹೊರಸಂಪರ್ಕದಲ್ಲಿರುವ ಸಾಧ್ಯತೆಯೇ ಹೆಚ್ಚು.

ಊಕ್ಲಾದ್ದಕ್ಕೆ ನಮ್ಮ ಮತ ಬೀಳುವುದು ಮುಖ್ಯವಾಗಿ ಒಂದು ಕಾರಣಕ್ಕೆ. ಸುಮ್ಮನಿರುವಾಗಿನ ಲೇಟೆನ್ಸಿ (ಸರ್ವರಿನಿಂದ ಉತ್ತರ ಬರಲು ಹಿಡಿಯುವ ಸಮಯ) ಮಾತ್ರವಲ್ಲದೆ, ಡೌನ್‌ಲೋಡ್, ಅಪ್‌ಲೋಡ್ ನಡೆಯುತ್ತಿರುವಾಗಿನ ಲೇಟೆನ್ಸಿಯನ್ನೂ ಅದು ಬೇರೆಬೇರೆ ಸಾಲಿನಲ್ಲಿ ಕೊಡುತ್ತದೆ. ಸುಮ್ಮನಿರುವಾಗ 5 ಮಿಲಿಸೆಕೆಂಡ್ ಇದ್ದದ್ದು ಅಪ್‌ಲೋಡ್ ಹೊತ್ತಿಗೆ 200 ದಾಟಿದರೆ, ಫೋಟೋ ಬ್ಯಾಕಪ್ ಶುರುವಾದ ಕೂಡಲೇ ವಿಡಿಯೊ ಕಾಲ್ ಯಾಕೆ ತೊದಲುತ್ತದೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ: ರೂಟರಿನ ಬಫರಿನಲ್ಲಿ ಪ್ಯಾಕೆಟ್‌ಗಳು ಸಾಲುಗಟ್ಟಿವೆ. ಪ್ಲ್ಯಾನ್ ದೊಡ್ಡದು ಮಾಡಿಸುವ ಮುಂಚೆ, ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಓಪನ್ ಸೋರ್ಸ್ ತಂತ್ರಾಂಶ) ಇರುವ ರೂಟರಿನಲ್ಲಿ ಈ ಸಾಲನ್ನು ಹತೋಟಿಯಲ್ಲಿಡುವ ಎಸ್‌ಕ್ಯುಎಂ ಹಾಕಿ, ಅಳೆದ ವೇಗದ ಶೇ. 90ಕ್ಕೆ ಮಿತಿ ಕಟ್ಟಿ ನೋಡಿ. ಪ್ಯಾಕೆಟ್ ಲಾಸ್ ಸಾಲಿನಲ್ಲಿ ‘ನಾಟ್ ಅವೈಲಬಲ್’ ಬಂದರೆ ಗಾಬರಿ ಬೇಡ. ಅದು ಅಳೆಯಲಾಗಲಿಲ್ಲ ಅಂತಷ್ಟೇ, ಪ್ಯಾಕೆಟ್ ಕಳೆದಿದೆ ಅಂತಲ್ಲ.

ಗಂಟೆಗೊಮ್ಮೆ ಓಡುವ ಕ್ರಾನ್ ಕಟ್ಟುವ ಮುಂಚೆ ಡೇಟಾ ಲೆಕ್ಕ ಹಾಕಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. ಎರಡೂ ದಿಕ್ಕಿಗೆ 15 ಸೆಕೆಂಡಿನಂತೆ ಹಿಡಿದರೂ ಒಂದು ಪರೀಕ್ಷೆಗೆ 375 ಎಂಬಿ, ತಿಂಗಳಿಗೆ 270 ಜಿಬಿ. 300ರ ಪ್ಲ್ಯಾನಿನಲ್ಲಿ ಇದರ ಮೂರು ಪಟ್ಟು, ಎಫ್‌ಯುಪಿ ಮಿತಿಯಲ್ಲಿ (ತಿಂಗಳಿಗೆ ಪೂರ್ತಿ ವೇಗದಲ್ಲಿ ಸಿಗುವ ಡೇಟಾ) ದೊಡ್ಡ ಪಾಲು ಅಳತೆಗೇ ಹೋಯಿತು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತರ ಹೊತ್ತು, ನಡುರಾತ್ರಿ ಹೀಗೆ ನಾಲ್ಕು ಸಲ ಸಾಕು. ಸರಿಯಾಗಿ ಗಂಟೆಗೇ ಇಡದೆ 17, 43ರಂಥ ನಿಮಿಷಕ್ಕೆ ಇಡಿ, ಗಂಟೆ ಹೊಡೆದಾಗ ಎಲ್ಲರ ಕ್ರಾನೂ ಒಟ್ಟಿಗೆ ಏಳುತ್ತದೆ. ಪ್ರತಿ ಫಲಿತಾಂಶದ ಕೊನೆಗೆ ಬರುವ ರಿಸಲ್ಟ್ ಕೊಂಡಿಯನ್ನೂ ಲಾಗ್‌ನಲ್ಲಿ ಇಟ್ಟುಕೊಳ್ಳಿ. ದೂರು ಬರೆಯುವಾಗ ಸ್ಕ್ರೀನ್‌ಶಾಟ್‌ಗಿಂತ ಅದಕ್ಕೇ ಬೆಲೆ.