ಹೊಸ ಪುಸ್ತಕದ ಡ್ರೂಯಿಡ್: ಕರಡಿಗೆ ಮೈ ಕಮ್ಮಿ, ಬಾಯಿ ಜಾಸ್ತಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು ದಾಳ ಹಾಕಿ ಪಾತ್ರ ವಹಿಸುವ ಆಟ. ಅದರ 2024ರ ನಿಯಮದ ಪುಸ್ತಕ, ಪ್ಲೇಯರ್ಸ್ ಹ್ಯಾಂಡ್‌ಬುಕ್, ತಗೊಂಡಿದ್ದು ಬರೀ ಡ್ರೂಯಿಡ್‌ಗೋಸ್ಕರ, ಅಂದರೆ ಪ್ರಾಣಿಯಾಗಬಲ್ಲ ಮಾಂತ್ರಿಕ ಪಾತ್ರಕ್ಕೋಸ್ಕರ. 384 ಪುಟ ಇದೆ, ಉಳಿದದ್ದನ್ನು ಇನ್ನೂ ಸರಿಯಾಗಿ ಓದಿಲ್ಲ. ವೈಲ್ಡ್ ಶೇಪ್, ಅಂದರೆ ಪ್ರಾಣಿಯಾಗುವ ನಿಯಮ ಏನಾಗಿದೆ ಅಂತ ನೋಡುವ ಚಪಲ, ಅಷ್ಟೇ.

2014ರ ನಿಯಮದಲ್ಲಿ ಪ್ರಾಣಿಯಾದರೆ ಅದರ ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಹುದು ಅನ್ನುವ ಲೆಕ್ಕ) ಪೂರ್ತಿ ನಿಮ್ಮದು. ಅದು ಮುಗಿದ ಮೇಲೆ ನಿಮ್ಮ ಮೈ ವಾಪಸ್. ಪ್ರಾಣಿಯಾಗಿ ಕಾದಾಡುವುದರಲ್ಲಿ ಪಳಗಿದ ಶಾಖೆಯಾದ ಮೂನ್ ಡ್ರೂಯಿಡ್‌ಗೆ ಎರಡನೇ ಲೆವೆಲ್‌ನಲ್ಲಿ ಸುಮಾರು 17 ಪಾಯಿಂಟ್, ಕಂದು ಕರಡಿಗೆ 34, ಎರಡು ಸಲ ಕರಡಿಯಾಗಬಹುದು, ಎಲ್ಲ ಸೇರಿಸಿದರೆ 85, ಪಕ್ಕದಲ್ಲಿ ಕವಚ ತೊಟ್ಟು ನಿಂತ ಫೈಟರ್ ಪಾಪದವನಿಗೆ 20. ಒಂದು ಗಂಟೆ ಕೂತು ಸುಧಾರಿಸಿಕೊಂಡರೆ ಮತ್ತೆರಡು ಕರಡಿ! ಡಿಎಂ, ಅಂದರೆ ಆಟ ನಡೆಸಿ ಶತ್ರುಗಳನ್ನು ಆಡಿಸುವವನಾಗಿ, ನಾನು ಆ ಕರಡಿಗೆ ಸಾಟಿಯಾದ ಶತ್ರು ತಂದು ಎಷ್ಟು ಸಲ ಫೈಟರ್‌ನನ್ನು ಮಲಗಿಸಿದ್ದೇನೋ.

ಈಗ ಹಿಟ್ ಪಾಯಿಂಟ್ ನಿಮ್ಮದೇ. ಮೇಲೆ ಲೆವೆಲ್ ಎಷ್ಟೋ ಅಷ್ಟು ತಾತ್ಕಾಲಿಕ ಪಾಯಿಂಟ್, ಮೂನ್‌ಗೆ ಅದರ ಮೂರು ಪಟ್ಟು. ನಮ್ಮ ಟೇಬಲ್‌ನ ಮಂಗಳೂರು ಹುಡುಗಿ, ದಸರಾ ಹುಲಿವೇಷ ನೋಡಿ ಬೆಳೆದವಳು, ಹುಲಿಯೇ ಬೇಕು ಅಂತ ಹಟ ಹಿಡಿದಳು. ಹುಲಿಯ ಸಿಆರ್ (ಪ್ರಾಣಿಯ ಬಲದ ಅಂಕ) 1. ಮೂನ್‌ಗೆ ಮೂರನೇ ಲೆವೆಲ್‌ಗೇ ಸಿಗುತ್ತದೆ, ಉಳಿದವರು ಎಂಟರವರೆಗೆ ಕಾಯಬೇಕು. ಅವಳ 24ರ ಮೇಲೆ 9 ಬಂತು. ಮೊದಲ ಸುತ್ತಿನಲ್ಲೇ ಓಗ್ರ್ ಅನ್ನುವ ದೈತ್ಯ ದೊಣ್ಣೆ ಬೀಸಿ 13 ಹೊಡೆದ. 9 ಅಲ್ಲಿಗೇ ಖಲಾಸ್, ಉಳಿದ 4 ಸ್ವಂತ ಮೈಗೆ. "ಇದು ಹುಲಿ ಆದದ್ದಲ್ಲ ಮಾರಾಯ, ಬಣ್ಣ ಬಳಿದುಕೊಂಡದ್ದು" ಅಂದಳು. ಮೂನ್‌ನ ಎಸಿ, ಅಂದರೆ ಏಟು ತಾಗದಂತೆ ತಡೆಯುವ ಅಂಕ, 13ಕ್ಕೆ ವಿಸ್ಡಂ (ವಿವೇಕ) ಬೋನಸ್ ಸೇರಿಸಿದಷ್ಟು, ಅವಳ ಎಸಿ 16 ಇತ್ತು, ಇಲ್ಲದಿದ್ದರೆ ಇನ್ನೂ ಏಟು ಬೀಳುತ್ತಿತ್ತು.

ಅವಳು ಹೇಳಿದ್ದು ಸರಿ. ಆದರೂ ನನಗೆ ಹೊಸದೇ ವಾಸಿ ಅನಿಸಿತು. ಮುಖ್ಯ ಕಾರಣ, ಎರಡನೇ ಲೆವೆಲ್‌ಗೆ ನಾಲ್ಕೇ ಪ್ರಾಣಿ, ಮೊದಲೇ ಆರಿಸಿಟ್ಟುಕೊಳ್ಳಬೇಕು. ಮಲಗಿ ಎದ್ದ ಮೇಲೆ ಒಂದನ್ನು ಬದಲಾಯಿಸಬಹುದು. ಮೊದಲೆಲ್ಲ ಡ್ರೂಯಿಡ್ ಸರದಿ ಬಂದರೆ ಪುಟ ತಿರುವುತ್ತಾ ಕೂರುತ್ತಿದ್ದರು, ನಾವು ಚಹಾ ಕುಡಿದು ಬರುತ್ತಿದ್ದೆವು. ಈಗ ನಾಲ್ಕು ಚೀಟಿ, ಕೆಲಸ ಮುಗೀತು.

2023ರಲ್ಲಿ ಆಡಿ ನೋಡಲು ಬಿಟ್ಟ ನಿಯಮಗಳ ಡ್ರಾಫ್ಟ್‌ನಲ್ಲಿ ನೆಲ, ನೀರು, ಆಕಾಶ ಅಂತ ಮೂರೇ ಅಚ್ಚು ಇದ್ದವು. ತೋಳವೂ ಒಂದೇ ಮೇಕೆಯೂ ಒಂದೇ. ಆಡುವವರು ಬೇಡ ಅಂದರು, ಕೈಬಿಟ್ಟರು. ಪುಣ್ಯ.

ಇನ್ನೊಂದು ಮಜಾ ಇದೆ. ಈಗ ಪ್ರಾಣಿಯಾದರೂ ಮಾತು ಹೋಗುವುದಿಲ್ಲ. ಕಳೆದ ವಾರ ನಮ್ಮ ಡ್ರೂಯಿಡ್ ಇಲಿಯಾಗಿ ಜೈಲಿನ ಕಾವಲುಗಾರನ ಕಿವಿ ಹತ್ತಿರ ಕೂತು, ಸತ್ತ ಅವನ ಅಜ್ಜನ ದನಿಯಲ್ಲಿ "ಬಾಗಿಲು ತೆಗೆಯೋ ಮಗಾ" ಅಂದಳು. ತೆಗೆದ. ನಾನೇನು ಮಾಡಲಿ?

ದುಡ್ಡು ಹಾಕುವ ಮುಂಚೆ ಒಂದು ಮಾತು. 2025ರಲ್ಲಿ ಬಂದ ಎಸ್‌ಆರ್‌ಡಿ 5.2ರಲ್ಲಿ, ಅಂದರೆ ಪ್ರಕಾಶಕರೇ ಬಿಟ್ಟ ನಿಯಮಗಳ ಸಂಗ್ರಹದಲ್ಲಿ, ವೈಲ್ಡ್ ಶೇಪ್ ಪುಕ್ಕಟೆ ಸಿಗುತ್ತದೆ. ಅಲ್ಲಿರುವುದು ಲ್ಯಾಂಡ್ ಡ್ರೂಯಿಡ್ ಅನ್ನುವ ಇನ್ನೊಂದು ಶಾಖೆ ಮಾತ್ರ, ಮೂನ್ ಬೇಕೆಂದರೆ ಪುಸ್ತಕವೇ ಬೇಕು. ನನ್ನದನ್ನು ಹುಲಿ ಹುಡುಗಿ ಒಯ್ದು ಮೂರು ವಾರ ಆಯಿತು, ಇನ್ನೂ ವಾಪಸ್ ಬಂದಿಲ್ಲ.